ನೆರವಿಗೆ ಬಂದ ನೌಕೆಗೇ ನೆರವಿಲ್ಲದಾಗ

1983ನೆಯ ಇಸವಿಯ ಫೆಬ್ರವರಿ 27, ಭಾನುವಾರ ರಾತ್ರಿ. ಊಟ ಮುಗಿಸಿ ಟೆಲಿವಿಷನ್ ಪೆಟ್ಟಿಗೆಯ ಮುಂದೆ ಕುಳಿತ ಅಮೆರಿಕದ ಸಂಸಾರಗಳಿಗೆ ಎ.ಬಿ.ಸಿ. ಪ್ರಸಾರ ಸಂಸ್ಥೆ ಅಂದು ಹೊಸದೊಂದು ಚಿತ್ರವನ್ನು ತೋರಿಸಿತು. ಅದರ ಹೆಸರು ‘ಸ್ಟಾರ್‌ಫ್ಲೈಟ್’. ‘ಇಳಿಯಲಾರದ ವಿಮಾನ’ ಎಂಬ ಅರ್ಥದ ಉಪಶೀರ್ಷಿಕೆಯೂ ಅದಕ್ಕಿದ್ದಿತು. ಚಿತ್ರಮಂದಿರಕ್ಕೆಂದಲ್ಲದೆ ಟೆಲಿವಿಷನ್ನಿಗೆಂದೇ ತಯಾರಾದ ಈ ಕಥಾಚಿತ್ರದ ನಿರ್ದೇಶಕ ಜೆರಿ ಜೇಮ್ಸನ್. ವಿಮಾನದ ಕಪ್ತಾನನ ಪಾತ್ರದಲ್ಲಿ ಲೀ ಮೇಜರ್ಸ್, ವಿಮಾನವನ್ನು ರಚಿಸಿದ ಎಂಜಿನಿಯರನ ಪಾತ್ರದಲ್ಲಿ ಹಾಲ್ ಲಿಂಡನ್, ವಿಮಾನ ಕಂಪೆನಿಯ ಒಡೆಯನಾಗಿ ಹಿರಿಯ ನಟ ರೇ ಮಿಲಂಡ್ ಕಾಣಿಸಿಕೊಂಡರು. ‘ಸ್ಟಾರ್ ವಾರ್ಸ್’ ಚಿತ್ರದ ಚಮತ್ಕಾರ ದೃಶ್ಯಗಳಿಂದ ಹೆಸರಾಗಿದ್ದ ಜಾನ್ ಡೈಕ್‌ಸ್ಟ್ರಾ ಅವರ ಕೈಚಳಕವೂ ಇದಕ್ಕೆ ದೊರಕಿತ್ತು.

ಕಥೆ ಆರಂಭವಾಗುವುದು ಸಂಭ್ರಮದಿಂದ. ಲಾಸ್ ಏಂಜಲಿಸ್ ನಗರದಿಂದ ಆಸ್ಟ್ರೇಲಿಯದ ಸಿಡ್ನಿಗೆ ಸುಮಾರು ಎರಡೇ ಗಂಟೆಗಳಲ್ಲಿ ತಲುಪಿಸಬಲ್ಲ ನೂತನ ವಿಮಾನದ ಮೊದಲ ಪಯಣವದು. ಗಣ್ಯರು, ಪತ್ರಕರ್ತರು, ಹಣವಂತರು ಹತ್ತಿ ಕುಳಿತಿದ್ದಾರೆ. ದಾರಿಯಲ್ಲಿ, ಉಪಗ್ರಹವನ್ನು ಹೊತ್ತ ರಾಕೆಟ್ಟೊಂದು ಕೆಟ್ಟು ಚೂರುಚೂರಾಗುತ್ತದೆ. ಚೂರುಗಳಿಂದ ತಪ್ಪಿಸಿಕೊಳ್ಳಲು ಕಪ್ತಾನ ವಿಮಾನವನ್ನು ಇನ್ನಷ್ಟು ಮೇಲಕ್ಕೇರಿಸುತ್ತಾನೆ. ಆದರೂ ಪೆಟ್ಟು ತಪ್ಪುವುದಿಲ್ಲ. ಎಂಜಿನ್ನುಗಳನ್ನು ಆರಿಸುವ ಯಂತ್ರ ಕೆಡುತ್ತದೆ. ಇಂಧನ ಮುಗಿಯುವವರೆಗೂ ಅವು ಉರಿಯುತ್ತಲೇ ಇರುತ್ತವೆ. ಕೊನೆಗೆ ಅವು ಶಾಂತವಾದಾಗ ಕಿಟಕಿಯ ಹೊರಗೆ ಕಾಣುವುದು ಮೋಡಗಳಲ್ಲ, ಕಪ್ಪು ಆಕಾಶ ಮತ್ತು ಅದರ ಕೆಳಗೆ ದುಂಡಗಾದ ಭೂಮಿ. ಪ್ರಯಾಣಿಕರ ವಿಮಾನ ಭೂಮಿಯ ಉಪಗ್ರಹವಾಗಿಬಿಟ್ಟಿದೆ!

ವಿಮಾನ ಬಿದ್ದೀತೆಂಬುದು ಎಲ್ಲರಿಗೂ ಇರುವ ಭಯ. ಇಲ್ಲಿಯ ಆಪತ್ತು ಅದಕ್ಕೆ ತೀರ ವಿಪರೀತವಾದುದು. ಈ ವಿಮಾನ ಬೀಳಲಾರದು. ಕಕ್ಷೆಯನ್ನು ಸೇರಿದ ವಸ್ತು ಚಂದ್ರನ ಹಾಗೆ ಸುತ್ತುತ್ತಲೇ ಇರುತ್ತದೆ. ಬಲವಂತವಾಗಿ ಇಳಿಸಹೊರಟರೆ, ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಗಾಳಿಯ ಪದರಕ್ಕೆ ನುಗ್ಗಬೇಕು. ಆಗ ಹುಟ್ಟುವ ಶಾಖವನ್ನು ತಾಳುವ ಕವಚ ಪ್ರಯಾಣಿಕರ ವಿಮಾನಕ್ಕೆ ಎಲ್ಲಿಂದ ಬರಬೇಕು? ಮೇಲೆಯೇ ಉಳಿಯೋಣವೆಂದರೆ ಉಸಿರಾಡುವ ಗಾಳಿ ಗಂಟೆಗಂಟೆಗೂ ಕೆಡುತ್ತಿದೆ. ಹೀಗೆ ಮೇಲೂ ಉಳಿಯಲಾರದೆ ಕೆಳಗೂ ಬರಲಾರದೆ ತ್ರಿಶಂಕುವಿನಂತೆ ನಿಂತವರನ್ನು ಬಿಡಿಸಿ ತರುವವರು ಯಾರು?

ಶವಪೆಟ್ಟಿಗೆಯಲ್ಲಿ ಒಬ್ಬ ಜೀವಂತ ಮನುಷ್ಯ

ಬರುವುದು ‘ಕೊಲಂಬಿಯ’. ಚಿತ್ರದ ನೌಕೆಗೆ ಕಥೆಗಾರರು ಕಲ್ಪಿತ ಹೆಸರನ್ನಿಡಲಿಲ್ಲ. ಅಮೆರಿಕದ ಅಂತರಿಕ್ಷ ಸಂಸ್ಥೆ ನಾಸಾದ ನಿಜವಾದ ಷಟಲ್ ನೌಕೆಯನ್ನೇ ತಮ್ಮ ಕಥೆಗೆ ತಂದರು.

ವಿಮಾನವನ್ನು ರಚಿಸಿದ ಎಂಜಿನಿಯರನನ್ನು ಮೊದಲು ಭೂಮಿಗೆ ಕರೆತಂದರೆ, ಉಳಿದವರನ್ನು ಉಳಿಸುವ ಉಪಾಯವನ್ನು ಅವನೇ ಹುಡುಕಿಯಾನೆಂದು ಕೆಳಗಿನವರ ಯೋಚನೆ. ಆದರೆ ವಿಮಾನದಿಂದ ನೌಕೆಗೆ ಅವನು ದಾಟುವುದು ಹೇಗೆ? ನಡುವೆ ಗಾಳಿಯಿಲ್ಲದ ಶೂನ್ಯ. ವಿಮಾನದಲ್ಲಿ ಅಂತರಿಕ್ಷದ ಉಡುಪೊಂದೂ ಇಲ್ಲ. ಸರಕಿನ ಕೋಣೆಯಲ್ಲಿ ಮಾತ್ರ ಗಾಳಿ ನುಸುಳದಂತೆ ಮುಚ್ಚಬಲ್ಲ ಶವಪೆಟ್ಟಿಗೆಯೊಂದಿದೆ. ಜೀವಂತ ಮನುಷ್ಯ ಅದರಲ್ಲಿ ಮಲಗುತ್ತಾನೆ. ಮುಚ್ಚಳ ಬೀಳುತ್ತದೆ. ಪೆಟ್ಟಿಗೆ ಶೂನ್ಯದಲ್ಲಿ ತೇಲಿ ಕೊಲಂಬಿಯದ ಒಡಲನ್ನು ಸೇರುತ್ತದೆ. ಸತ್ತವನನ್ನು ಸಾಗಿಸಲು ಮಾಡಿದ ಪೆಟ್ಟಿಗೆ ಬದುಕುವವನ ತೊಟ್ಟಿಲಾಗುವ ಈ ದೃಶ್ಯವನ್ನು, ಚಿತ್ರದ ಉಳಿದ ಭಾಗವನ್ನು ಮರೆತವರೂ ಮರೆಯಲಾರರು.

ಮುಂದಿನದು ಒಂದರ ಮೇಲೊಂದು ಪ್ರಯತ್ನ. ವಿಮಾನಕ್ಕೂ ನೌಕೆಗೂ ನಡುವೆ ಕೊಳವೆಯೊಂದನ್ನು ಹಾಯಿಸಿ ಪ್ರಯಾಣಿಕರನ್ನು ದಾಟಿಸಹೊರಟಾಗ ಅದು ಹರಿದು, ಒಳಗಿದ್ದವರು ಪ್ರಾಣ ಬಿಡುತ್ತಾರೆ. ಬಳಿಕ ದೊಡ್ಡದೊಂದು ಕೊಳಗದಂಥ ತೊಟ್ಟಿಯಲ್ಲಿ ಜನರನ್ನು ತುಂಬಿ ಇಳಿಸುತ್ತಾರೆ. ಕೊನೆಗೆ, ಶಾಖವನ್ನು ತಾಳಬಲ್ಲ ಮತ್ತೊಂದು ನೌಕೆಯನ್ನು ಮುಂದಿಟ್ಟುಕೊಂಡು, ಮಳೆಯಲ್ಲಿ ದೊಡ್ಡವರ ಕೊಡೆಯ ಮರೆಯಲ್ಲಿ ನಡೆಯುವ ಮಗುವಿನಂತೆ, ವಿಮಾನ ಅದರ ಹಿಂದೆಯೇ ಗಾಳಿಯ ಪದರವನ್ನು ಸೀಳಿಕೊಂಡು ಮನೆ ಸೇರುತ್ತದೆ.

ಹತ್ತೊಂಬತ್ತು ತಿಂಗಳ ಕೆಲಸ, ಒಂದೇ ದಿನದಲ್ಲಿ!

ಈ ಚಿತ್ರವನ್ನು ಕಂಡ ವಿಜ್ಞಾನಾಸಕ್ತರು ನಕ್ಕರು. ನಗಲು ಕಾರಣವೂ ಇದ್ದಿತು. ಕಥೆಯಲ್ಲಿ ಕೊಲಂಬಿಯ ಮೇಲೇರುತ್ತದೆ, ಇಳಿಯುತ್ತದೆ, ಕೆಲವೇ ಗಂಟೆಗಳಲ್ಲಿ ಮತ್ತೆ ಮೇಲೇರುತ್ತದೆ. ಬೆಂಗಳೂರಿಗೂ ಮೈಸೂರಿಗೂ ಓಡಾಡುವ ಬಸ್ಸಿಗೆ ಕೂಡ ಇಷ್ಟು ಅವಸರವಿರಲಾರದು.

ನಿಜಸ್ಥಿತಿ ಏನಾಗಿದ್ದಿತು? ಜಾನ್ ಯಂಗ್ ಮತ್ತು ರಾಬರ್ಟ್ ಕ್ರಿಪೆನ್ ಅವರನ್ನು ಹೊತ್ತು ಕೊಲಂಬಿಯ ಮೊದಲ ಬಾರಿಗೆ ಮೇಲೇರಿದುದು 1981ರ ಏಪ್ರಿಲ್ 12ರಂದು. ಎರಡನೆಯ ಯಾತ್ರೆಗೆ ಅದು ಸಿದ್ಧವಾದುದು ಸರಿಯಾಗಿ ಏಳು ತಿಂಗಳ ಅನಂತರ, ನವೆಂಬರ್ 12ರಂದು. ಚಿತ್ರ ಪ್ರಸಾರವಾಗುವ ವೇಳೆಗೆ ಅದು ಮೇಲೇರಿದ್ದುದು ಒಟ್ಟು ಐದು ಸಲ. ಐದನೆಯದು 1982ರ ನವೆಂಬರಿನಲ್ಲಿ. ಎಂದರೆ ಐದು ಯಾತ್ರೆಗಳಿಗೆ ಹತ್ತೊಂಬತ್ತು ತಿಂಗಳು. ಬೇರೊಂದು ಷಟಲ್ಲನ್ನು ಕಳುಹಿಸೋಣವೆಂದರೆ ಅಂತರಿಕ್ಷವನ್ನು ಕಂಡು ಬಂದ ಷಟಲ್ ಆಗ ಇನ್ನೊಂದು ಇರಲಿಲ್ಲ. ಎರಡನೆಯದಾದ ‘ಚಾಲೆಂಜರ್’ ಮೇಲೇರಿದುದು ಆ ವರ್ಷದ ಏಪ್ರಿಲಿನಲ್ಲಿ. ಹಾಗಾಗಿಯೇ ಕಥೆಗಾರರು ಒಂದೇ ಕುದುರೆಯನ್ನು ಮತ್ತೆ ಮತ್ತೆ ಓಡಿಸಬೇಕಾಯಿತು.

ಷಟಲ್ಲುಗಳು ಕೆಲಸ ಮಾಡಿದ ಮೂವತ್ತು ವರ್ಷಗಳಲ್ಲಿ, ಒಂದೇ ನೌಕೆ ಒಮ್ಮೆ ಮೇಲೇರಿ ಮತ್ತೊಮ್ಮೆ ಮೇಲೇರಲು ಹಿಡಿದ ಅತ್ಯಂತ ಕಡಿಮೆ ಅವಧಿ 54 ದಿನ. ‘ಅಟ್ಲಾಂಟಿಸ್’ 1985ರಲ್ಲಿ ಮಾಡಿದ ಸಾಧನೆ ಅದು. ಶಾಖ ತಡೆಯುವ ಸಾವಿರಾರು ಹೆಂಚುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಎಂಜಿನ್ನುಗಳನ್ನು ನೋಡಬೇಕು. ಹೊಸ ಇಂಧನದ ತೊಟ್ಟಿಯನ್ನು ಜೋಡಿಸಬೇಕು. ಅಡುಗೆ ಮುಗಿದ ಒಲೆಯನ್ನು ಮತ್ತೆ ಹೊತ್ತಿಸಿದಂತಲ್ಲ ಅದು. ಮನೆಯನ್ನೇ ಅರ್ಧ ಬಿಚ್ಚಿ ಕಟ್ಟಿದಂತೆ.

ಆದರೆ ಕಥೆಯಲ್ಲಿದ್ದ ದೊಡ್ಡ ಉತ್ಪ್ರೇಕ್ಷೆ ಇದೇ ಏನು? ಇದಕ್ಕಿಂತಲೂ ದೊಡ್ಡದಾದ, ಯಾರೂ ನಗದೆ ನಂಬಿಬಿಟ್ಟ ಕಲ್ಪನೆಯೊಂದು ಆ ಚಿತ್ರದಲ್ಲಿ ಅಡಗಿದ್ದಿತು. ಅದು ಕಣ್ಣಿಗೆ ಬಿದ್ದುದು ಇಪ್ಪತ್ತು ವರ್ಷಗಳ ಬಳಿಕ.

ಚಿತ್ರಕ್ಕೆ ಪ್ರಶಸ್ತಿ, ನಾಲ್ಕು ದಿನಕ್ಕೆ ಪರೀಕ್ಷೆ

ಅಂತರಿಕ್ಷದಲ್ಲಿ ಸಿಕ್ಕಿಕೊಂಡವರನ್ನು ಬಿಡಿಸಿ ತರುವ ಕಥೆ ಸ್ಟಾರ್‌ಫ್ಲೈಟಿನಿಂದ ಹುಟ್ಟಿದುದಲ್ಲ. ಮಾರ್ಟಿನ್ ಕೇಡಿನ್ 1964ರಲ್ಲಿ ಪ್ರಕಟಿಸಿದ ಕಾದಂಬರಿಯೊಂದನ್ನು ಆಧರಿಸಿ, 1969ರಲ್ಲಿ ಜಾನ್ ಸ್ಟರ್ಜಸ್ ‘ಮರೂನ್ಡ್’ ಎಂಬ ಚಿತ್ರವನ್ನು ತೆರೆಗೆ ತಂದಿದ್ದರು. ಹಿಂದಿರುಗುವ ರಾಕೆಟ್ ಹೊತ್ತಿಕೊಳ್ಳದೆ ಮೂವರು ಯಾತ್ರಿಕರು ಕಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ. ಅವರ ಆಮ್ಲಜನಕ ಕರಗುತ್ತಿದೆ. ಕೆಳಗೆ, ಗ್ರೆಗರಿ ಪೆಕ್ ವಹಿಸಿದ ಅಧಿಕಾರಿ ಪಾತ್ರ ಲೆಕ್ಕ ಹಾಕಿ, ಸಮಯಕ್ಕೆ ಸರಿಯಾಗಿ ನೆರವು ಮುಟ್ಟಿಸಲಾಗದೆಂದು ಕೈಚೆಲ್ಲುತ್ತದೆ. ಆದರೂ ಪ್ರಯತ್ನ ನಡೆಯುತ್ತದೆ. ಮೂವರಿಗೆ ಸಾಲದ ಗಾಳಿ ಇಬ್ಬರಿಗೆ ಸಾಲುವಂತಾಗಲೆಂಬಂತೆ ತಂಡದ ನಾಯಕ ಹೊರಗಿನ ಶೂನ್ಯದಲ್ಲಿ ಪ್ರಾಣ ನೀಗುತ್ತಾನೆ. ರಷ್ಯದ ಯಾತ್ರಿಕನೊಬ್ಬ ಹಗೆತನವನ್ನು ಬದಿಗಿಟ್ಟು ಆಮ್ಲಜನಕದೊಡನೆ ನೆರವಿಗೆ ಬರುತ್ತಾನೆ.

ಈ ಚಿತ್ರದ ಚಮತ್ಕಾರ ದೃಶ್ಯಗಳಿಗೆ ಆಸ್ಕರ್ ಪ್ರಶಸ್ತಿ ದೊರೆತುದು 1970ರ ಏಪ್ರಿಲ್ 7ರಂದು. ನಾಲ್ಕು ದಿನ ಕಳೆದು, ಏಪ್ರಿಲ್ 11ರಂದು, ಜಿಮ್ ಲವೆಲ್, ಜ್ಯಾಕ್ ಸ್ವೈಗರ್ಟ್, ಫ್ರೆಡ್ ಹೇಸ್ ಎಂಬ ಮೂವರನ್ನು ಹೊತ್ತು ‘ಅಪೊಲೊ 13’ ಚಂದ್ರನತ್ತ ಹೊರಟಿತು. ಏಪ್ರಿಲ್ 13ರ ರಾತ್ರಿ, ಭೂಮಿಯಿಂದ 3 ಲಕ್ಷ ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿ ಅದರ ಆಮ್ಲಜನಕದ ತೊಟ್ಟಿಯೊಂದು ಸಿಡಿಯಿತು. ಚಿತ್ರದ ಕಥೆ ನಿಜವಾಗಿ ಎದುರಿಗೆ ಬಂದು ನಿಂತಿತು.

ಬಿಡಿಸಲು ಹೋಗುವ ಮತ್ತೊಂದು ನೌಕೆ ಎಲ್ಲಿಯೂ ಇರಲಿಲ್ಲ. ಚಂದ್ರನ ಮೇಲೆ ಇಳಿಯಲೆಂದು ತಂದಿದ್ದ ಪುಟ್ಟ ವಾಹನದಲ್ಲಿಯೇ ಮೂವರೂ ಆಶ್ರಯ ಪಡೆದರು. ಇಬ್ಬರಿಗೆ ಸುಮಾರು ಎರಡು ದಿನಗಳ ಮಟ್ಟಿಗೆ ಮಾಡಿದ ಆ ವಾಹನ ಮೂವರಿಗೆ ಮೂರೂವರೆ ದಿನಕ್ಕೂ ಹೆಚ್ಚು ಕಾಲ ಆಸರೆಯಾಗಬೇಕಾಯಿತು. ಅಲ್ಲಿ ಅವರನ್ನು ಕಾಡಿದುದು ಆಮ್ಲಜನಕದ ಕೊರತೆಗಿಂತ ಹೆಚ್ಚಾಗಿ ಅವರೇ ಹೊರಬಿಟ್ಟ ಉಸಿರು. ಮುಚ್ಚಿದ ಕೋಣೆಯಲ್ಲಿ ಇಂಗಾಲಾಮ್ಲ ವಾಯು ಸೇರುತ್ತ ಹೋದರೆ ಮೊದಲು ತಲೆನೋವು, ಮಂಪರು, ಆಮೇಲೆ ಸಾವು. ಅದನ್ನು ಹೀರಿಕೊಳ್ಳಲು ಲಿಥಿಯಂ ಹೈಡ್ರಾಕ್ಸೈಡ್ ತುಂಬಿದ ಡಬ್ಬಿಗಳಿರುತ್ತವೆ. ಮುಖ್ಯ ನೌಕೆಯ ಡಬ್ಬಿಗಳು ಚೌಕ. ಪುಟ್ಟ ವಾಹನದ ತೂತುಗಳು ದುಂಡು. ಪ್ಲಾಸ್ಟಿಕ್ ಚೀಲ, ಪುಸ್ತಕದ ರಟ್ಟು, ಉಡುಪಿನ ಕೊಳವೆ, ಅಂಟುಪಟ್ಟಿ—ಕೈಗೆ ಸಿಕ್ಕಿದುದನ್ನೆಲ್ಲ ಸೇರಿಸಿ ಚೌಕವನ್ನು ದುಂಡಿಗೆ ಹೊಂದಿಸುವ ಬಗೆಯನ್ನು ಕೆಳಗಿನ ಎಂಜಿನಿಯರರು ಕಂಡುಹಿಡಿದು, ಮಾತಿನಲ್ಲಿಯೇ ಮೇಲಿನವರಿಗೆ ಹೇಳಿಕೊಟ್ಟರು. ಏಪ್ರಿಲ್ 17ರಂದು ಮೂವರೂ ಪೆಸಿಫಿಕ್ ಸಾಗರದಲ್ಲಿ ಸುರಕ್ಷಿತವಾಗಿ ಇಳಿದರು.

ಅವರು ಉಳಿದುದಕ್ಕೆ ಜಾಣ್ಮೆ, ಧೈರ್ಯ, ಅದೃಷ್ಟ ಎಲ್ಲವೂ ಕಾರಣ. ಇವೆಲ್ಲಕ್ಕೂ ಮೊದಲಿನ ಕಾರಣವೊಂದುಂಟು. ಸಿಡಿದ ಸದ್ದು ಅವರ ಕಿವಿಗೇ ಕೇಳಿಸಿತು. ಕ್ಷಣಮಾತ್ರದಲ್ಲಿ ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರಕ್ಕೆ ಸುದ್ದಿ ಮುಟ್ಟಿತು. ಆಪತ್ತು ಬಂದಿದೆಯೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ.

ಎಂಬತ್ತೆರಡನೆಯ ಸೆಕೆಂಡು

2003ರ ಜನವರಿ 16ರಂದು ಕೊಲಂಬಿಯ ತನ್ನ 28ನೆಯ ಯಾತ್ರೆಗೆ ಮೇಲೇರಿತು. ರಿಕ್ ಹಸ್ಬೆಂಡ್ ನಾಯಕ; ವಿಲಿಯಂ ಮೆಕೂಲ್ ಚಾಲಕ; ಮೈಕೆಲ್ ಆ್ಯಂಡರ್ಸನ್, ಡೇವಿಡ್ ಬ್ರೌನ್, ಲಾರೆಲ್ ಕ್ಲಾರ್ಕ್, ಇಸ್ರೇಲಿನ ಪ್ರಥಮ ಅಂತರಿಕ್ಷ ಯಾತ್ರಿಕ ಇಲಾನ್ ರಾಮೋನ್, ಹರಿಯಾಣದ ಕರ್ನಾಲ್ ಊರಿನಲ್ಲಿ ಹುಟ್ಟಿ ಬೆಳೆದ ಕಲ್ಪನಾ ಚಾವ್ಲಾ—ಒಟ್ಟು ಏಳು ಮಂದಿ.

ಸ್ಟಾರ್‌ಫ್ಲೈಟ್ ಪ್ರಸಾರವಾದ ಕಾಲಕ್ಕೆ ಕಲ್ಪನಾ ಟೆಕ್ಸಾಸ್ ರಾಜ್ಯದ ಆರ್ಲಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ವಿದ್ಯಾರ್ಥಿನಿ. ಚಂಡೀಗಢದ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿಮಾನಶಾಸ್ತ್ರದ ಪದವಿ ಪಡೆದು ಆಕೆ ಅಮೆರಿಕಕ್ಕೆ ಹೋದುದು 1982ರಲ್ಲಿ. 1997ರಲ್ಲಿ ಇದೇ ಕೊಲಂಬಿಯದಲ್ಲಿ ಆಕೆ ಮೊದಲ ಬಾರಿಗೆ ಅಂತರಿಕ್ಷಕ್ಕೇರಿದ್ದರು. ಈಗಿನದು ಎರಡನೆಯ ಪಯಣ.

ನೌಕೆ ಮೇಲೇರಿ ಸುಮಾರು 82 ಸೆಕೆಂಡುಗಳಾಗಿದ್ದಾಗ, ಇಂಧನದ ದೊಡ್ಡ ತೊಟ್ಟಿಗೆ ಮೆತ್ತಿದ್ದ, ನೊರೆಯಂತೆ ಹಗುರವಾದ ಶಾಖನಿರೋಧಕ ವಸ್ತುವಿನ ತುಂಡೊಂದು ಕಳಚಿ ಎಡರೆಕ್ಕೆಯ ಅಂಚಿಗೆ ಬಡಿಯಿತು. ಅದರ ತೂಕ ಮುಕ್ಕಾಲು ಕಿಲೋಗ್ರಾಂ. ಒಳಗಿದ್ದವರಿಗೆ ಯಾವ ಸದ್ದೂ ಕೇಳಿಸಲಿಲ್ಲ. ಯಾವ ದೀಪವೂ ಕೆಂಪಾಗಲಿಲ್ಲ. ನೌಕೆ ಕ್ರಮವಾಗಿ ಕಕ್ಷೆಯನ್ನು ಸೇರಿತು. ಪ್ರಯೋಗಗಳು ಆರಂಭವಾದವು.

ಮರುದಿನ, ಮೇಲೇರುವಾಗ ತೆಗೆದ ಚಲನಚಿತ್ರಗಳನ್ನು ನೋಡುತ್ತಿದ್ದ ತಜ್ಞರು ಆ ಪೆಟ್ಟನ್ನು ಕಂಡರು. ರೆಕ್ಕೆಗೆ ಎಷ್ಟು ಹಾನಿಯಾಗಿದೆಯೆಂಬುದು ಆ ಚಿತ್ರಗಳಿಂದ ತಿಳಿಯುವಂತಿರಲಿಲ್ಲ. ಕಕ್ಷೆಯಲ್ಲಿರುವ ನೌಕೆಯ ಚಿತ್ರವನ್ನು ಸೇನಾ ಇಲಾಖೆಯ ಬಲಶಾಲಿಯಾದ ಕ್ಯಾಮೆರಾಗಳಿಂದ ತೆಗೆಸಿರೆಂದು ಎಂಜಿನಿಯರರು ಕೇಳಿದರು. ಒಟ್ಟು ಮೂರು ಬಾರಿ ಅಂಥ ಕೋರಿಕೆ ಹೊರಟಿತೆಂದು ತನಿಖೆಯಿಂದ ಅನಂತರ ಗೊತ್ತಾಯಿತು. ಒಂದು ಚಿತ್ರವೂ ತೆಗೆಯಲ್ಪಡಲಿಲ್ಲ. ಇಂಥ ತುಂಡುಗಳು ಹಿಂದೆಯೂ ಎಷ್ಟೋ ಸಲ ಬಡಿದಿವೆ, ನೌಕೆಗಳು ಕ್ಷೇಮವಾಗಿ ಹಿಂದಿರುಗಿವೆ ಎಂಬ ರೂಢಿಯ ಧೈರ್ಯ ಒಂದೆಡೆ. ಹಾನಿಯಾಗಿದ್ದರೂ ಈಗ ಮಾಡಬಹುದಾದುದೇನಿದೆ ಎಂಬ ಮನೋಭಾವ ಇನ್ನೊಂದೆಡೆ. ಜನವರಿ 23ರಂದು ನೌಕೆಯ ನಾಯಕನಿಗೂ ಚಾಲಕನಿಗೂ ಕೆಳಗಿನಿಂದ ಸಂದೇಶ ಹೋಯಿತು. ತುಂಡು ಬಡಿದ ಸಂಗತಿಯನ್ನು ತಿಳಿಸಿ, ಹಿಂದಿರುಗುವ ವಿಷಯದಲ್ಲಿ ಆತಂಕಪಡಬೇಕಾದುದಿಲ್ಲವೆಂದು ಅದರಲ್ಲಿ ಹೇಳಿತ್ತು.

ಫೆಬ್ರವರಿ 1, ಶನಿವಾರ ಬೆಳಗ್ಗೆ. ಇಳಿಯಲು ಇನ್ನು ಹದಿನಾರು ನಿಮಿಷಗಳಿವೆ ಎನ್ನುವಾಗ ನೌಕೆಯೊಡನೆ ಮಾತು ನಿಂತಿತು. ಎಡರೆಕ್ಕೆಯ ತೂತಿನಿಂದ ಒಳನುಗ್ಗಿದ ಉರಿಗಾಳಿ ರೆಕ್ಕೆಯ ಒಳಗಿನ ಲೋಹವನ್ನು ಕರಗಿಸಿತು. ಟೆಕ್ಸಾಸಿನ ಆಕಾಶದಲ್ಲಿ ಕೊಲಂಬಿಯ ಚೂರುಚೂರಾಯಿತು. ಏಳು ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಕಲ್ಪನಾ ವಿದ್ಯಾರ್ಥಿನಿಯಾಗಿ ಕಾಲಿಟ್ಟ ರಾಜ್ಯದ ಹೊಲಗಾಡುಗಳ ಮೇಲೆಯೇ ನೌಕೆಯ ಚೂರುಗಳು ಬಿದ್ದವು. ಕೊಲಂಬಿಯವನ್ನು ಆಪದ್ಬಾಂಧವನನ್ನಾಗಿ ಚಿತ್ರಿಸಿದ್ದ ಟೆಲಿವಿಷನ್ ಕಥೆಗೆ ಇಪ್ಪತ್ತು ವರ್ಷ ತುಂಬಲು ಅಂದಿಗೆ ಇಪ್ಪತ್ತಾರು ದಿನಗಳು ಉಳಿದಿದ್ದವು.

ಭಾರತ ಆ ಮಗಳನ್ನು ಮರೆಯಲಿಲ್ಲ. 2002ರಲ್ಲಿ ಶ್ರೀಹರಿಕೋಟದಿಂದ ಮೇಲೇರಿ, ಹಾಸನದ ನಿಯಂತ್ರಣ ಕೇಂದ್ರದ ಆರೈಕೆಯಲ್ಲಿದ್ದ ಹವಾಮಾನ ಉಪಗ್ರಹಕ್ಕೆ ‘ಕಲ್ಪನಾ–1’ ಎಂದು ಹೊಸ ಹೆಸರಿಡಲಾಯಿತು. ಕರ್ನಾಟಕ ಸರ್ಕಾರ ತರುಣ ಮಹಿಳಾ ವಿಜ್ಞಾನಿಗಳಿಗೆಂದು ಆಕೆಯ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿತು.

ಬರೆದಿಟ್ಟ, ಆದರೆ ನಡೆಯದ ಯಾತ್ರೆ

ದುರಂತದ ತನಿಖೆಗಾಗಿ ನಿವೃತ್ತ ಅಡ್ಮಿರಲ್ ಹೆರಾಲ್ಡ್ ಗೆಹ್ಮನ್ ಅವರ ಅಧ್ಯಕ್ಷತೆಯಲ್ಲಿ ಮಂಡಳಿಯೊಂದು ನೇಮಕವಾಯಿತು. ನೊರೆಯಂಥ ತುಂಡು ಅಷ್ಟು ಗಟ್ಟಿಯಾದ ಅಂಚನ್ನು ಒಡೆದೀತೆ ಎಂದು ಅನೇಕರಿಗೆ ಸಂಶಯವಿದ್ದಿತು. 2003ರ ಜುಲೈ 7ರಂದು ಟೆಕ್ಸಾಸಿನ ಪ್ರಯೋಗಶಾಲೆಯೊಂದರಲ್ಲಿ, ಅದೇ ತೂಕದ ತುಂಡನ್ನು ಅದೇ ವೇಗದಲ್ಲಿ ರೆಕ್ಕೆಯ ನಿಜವಾದ ಫಲಕದ ಮೇಲೆ ಹಾರಿಸಿ ನೋಡಿದರು. ಫಲಕದಲ್ಲಿ ಮನುಷ್ಯನ ತಲೆ ತೂರುವಷ್ಟು ದೊಡ್ಡ ರಂಧ್ರ ಬಿದ್ದಿತು. ಅಲ್ಲಿಗೆ ಸಂಶಯ ತೀರಿತು.

ಮಂಡಳಿ ನಾಸಾವನ್ನು ಇನ್ನೊಂದು ಪ್ರಶ್ನೆಯನ್ನೂ ಕೇಳಿತು. ಮೊದಲ ಕೆಲವು ದಿನಗಳಲ್ಲಿಯೇ ಹಾನಿ ಗೊತ್ತಾಗಿದ್ದರೆ ಆ ಏಳು ಮಂದಿಯನ್ನು ಉಳಿಸಬಹುದಾಗಿತ್ತೆ? ಉತ್ತರವಾಗಿ ಸಿದ್ಧವಾದ ವರದಿ ಕಾಲ್ಪನಿಕ ಚಿತ್ರದ ಕಥೆಯಂತೆಯೇ ಓದಿಸಿಕೊಳ್ಳುತ್ತದೆ. ಓದಿ ಮುಗಿಸಿದವರ ಎದೆಯನ್ನು ಭಾರಗೊಳಿಸುತ್ತದೆ.

ಅಂತರಿಕ್ಷ ನಿಲ್ದಾಣಕ್ಕೆ ಹೋಗಿ ಸೇರಿಕೊಳ್ಳುವುದು ಸಾಧ್ಯವಿರಲಿಲ್ಲ. ಅದರ ಕಕ್ಷೆಯೇ ಬೇರೆ. ಅದಕ್ಕೆ ಹೊರಳುವಷ್ಟು ಇಂಧನ ಕೊಲಂಬಿಯದಲ್ಲಿರಲಿಲ್ಲ. ಆದರೆ ಪ್ರಯೋಗಗಳನ್ನೆಲ್ಲ ನಿಲ್ಲಿಸಿ, ಹೆಚ್ಚು ಹೊತ್ತು ಮಲಗಿ, ಮೈ ಅಲುಗಿಸದೆ ಇದ್ದಿದ್ದರೆ ಫೆಬ್ರವರಿ 15ರವರೆಗೂ ಅವರು ಜೀವಿಸಬಹುದಾಗಿತ್ತು. ಆ ಗಡುವನ್ನು ನಿರ್ಧರಿಸಿದುದು ಅನ್ನವೂ ಅಲ್ಲ, ನೀರೂ ಅಲ್ಲ. ಇಂಗಾಲಾಮ್ಲವನ್ನು ಹೀರುವ ಅದೇ ಲಿಥಿಯಂ ಹೈಡ್ರಾಕ್ಸೈಡಿನ ಡಬ್ಬಿಗಳು. ಅಪೊಲೊ 13ರಲ್ಲಿ ಮೂವರ ಕೊರಳಿಗೆ ಬಂದಿದ್ದ ಕಂಟಕವೇ ಇಲ್ಲಿಯೂ ಗಡಿಯಾರ ಹಿಡಿದು ನಿಂತಿತ್ತು.

ಮತ್ತೊಂದು ಷಟಲ್ ಅಟ್ಲಾಂಟಿಸ್, ಮಾರ್ಚ್ 1ರ ಯಾತ್ರೆಗಾಗಿ ಅದೇ ವೇಳೆಗೆ ಫ್ಲಾರಿಡದಲ್ಲಿ ಸಿದ್ಧವಾಗುತ್ತಿತ್ತು. ಹಗಲಿರುಳೆನ್ನದೆ ದುಡಿದಿದ್ದರೆ, ಅಗತ್ಯವಾದ ಯಾವ ಪರೀಕ್ಷೆಯನ್ನೂ ಬಿಡದೆ, ಅದನ್ನು ಫೆಬ್ರವರಿ 10ರ ಹೊತ್ತಿಗೆ ಹಾರಿಸಬಹುದಾಗಿತ್ತು. ಒಳಗೆ ನಾಲ್ವರೇ ಯಾತ್ರಿಕರು. ಎರಡು ನೌಕೆಗಳೂ ತೆರೆದ ಒಡಲನ್ನು ಒಂದಕ್ಕೊಂದು ಎದುರಾಗಿಸಿಕೊಂಡು ಹತ್ತಿರ ನಿಲ್ಲಬೇಕು. ಅಂತರಿಕ್ಷದ ಉಡುಪು ತೊಟ್ಟ ಇಬ್ಬರು ಶೂನ್ಯವನ್ನು ದಾಟಿ ಬರಬೇಕು. ಒಬ್ಬೊಬ್ಬರಿಗೂ ಉಡುಪು ತೊಡಿಸಿ, ಕೈಹಿಡಿದು ಕರೆದೊಯ್ಯಬೇಕು. ಶವಪೆಟ್ಟಿಗೆಯ ಬದಲು ಉಡುಪು, ಕೊಳವೆಯ ಬದಲು ಕೈ. ಉಳಿದಂತೆ, ಇಪ್ಪತ್ತು ವರ್ಷಗಳ ಹಿಂದೆ ಟೆಲಿವಿಷನ್ನಿನಲ್ಲಿ ಕಂಡ ದೃಶ್ಯವೇ! ಕೊನೆಗೆ ಅಟ್ಲಾಂಟಿಸ್ ಹನ್ನೊಂದು ಜನರೊಡನೆ ಹಿಂದಿರುಗುತ್ತಿತ್ತು. ಬರಿದಾದ ಕೊಲಂಬಿಯವನ್ನು ಕೆಳಗಿನಿಂದಲೇ ನಡೆಸಿ ಪೆಸಿಫಿಕ್ ಸಾಗರಕ್ಕೆ ಬೀಳಿಸುತ್ತಿದ್ದರು.

ಹೀಗಾಗದಿದ್ದರೆ ಇನ್ನೊಂದು ದಾರಿಯನ್ನೂ ವರದಿ ಸೂಚಿಸಿತು. ಯಾತ್ರಿಕರೇ ಹೊರಗೆ ಬಂದು, ನೌಕೆಯಲ್ಲಿ ಸಿಕ್ಕಿದ ಲೋಹದ ಉಪಕರಣಗಳನ್ನೂ ಚೂರುಗಳನ್ನೂ ರೆಕ್ಕೆಯ ತೂತಿಗೆ ತುರುಕಿ, ನೀರಿನ ಚೀಲವನ್ನಿಟ್ಟು ಹೆಪ್ಪುಗಟ್ಟಿಸಿ, ಒಡೆದ ಕೊಡಕ್ಕೆ ಅರಗು ಮೆತ್ತಿದಂತೆ ಮುಚ್ಚುವುದು. ಅದು ನಿಲ್ಲುವ ಭರವಸೆ ಬಹಳ ಕಡಿಮೆ. ಅಟ್ಲಾಂಟಿಸಿನ ದಾರಿಯೂ ಅಪಾಯವಿಲ್ಲದುದಲ್ಲ. ಮೇಲೇರುವಾಗ ಅಂಥದೇ ತುಂಡು ಅದಕ್ಕೂ ಬಡಿಯಬಹುದಾಗಿತ್ತು. ಆದರೂ, ಕಷ್ಟಸಾಧ್ಯವಾದರೂ ಅಸಾಧ್ಯವಲ್ಲ ಎಂಬುದೇ ಲೆಕ್ಕದ ತಾತ್ಪರ್ಯ. ಮಾಡಬಹುದಾದುದು ಏನೂ ಇಲ್ಲವೆಂಬ ಮನೋಭಾವಕ್ಕೆ ಕಾಗದದ ಮೇಲೆ ದೊರೆತ ಉತ್ತರವಿದು. ದೊರೆತುದು ಮಾತ್ರ ತಡವಾಗಿ.

ಸ್ಟಾರ್‌ಫ್ಲೈಟಿನಲ್ಲಿ ಯಾರೂ ನಗದೆ ನಂಬಿದ ಕಲ್ಪನೆ ಯಾವುದೆಂದು ಈಗ ಹೇಳಬಹುದು. ವಿಮಾನ ಸಿಕ್ಕಿಕೊಂಡ ಕ್ಷಣದಿಂದಲೇ ಎಲ್ಲರಿಗೂ ಅದು ಗೊತ್ತು. ಗೊತ್ತಾದ ಕ್ಷಣದಿಂದಲೇ ಎಲ್ಲರೂ ಓಡಿ ಬರುತ್ತಾರೆ. ಕೊಲಂಬಿಯ ಒಂದೇ ದಿನದಲ್ಲಿ ಹಲವು ಬಾರಿ ಹಾರಿದುದಕ್ಕಿಂತಲೂ ಇದು ದೊಡ್ಡ ಕಲ್ಪನೆ. ನಿಜವಾದ ಆಪತ್ತು ಕೆಲವೊಮ್ಮೆ ಸದ್ದಿಲ್ಲದೆ ಬಂದು ಕೂರುತ್ತದೆ. ಒಳಗಿದ್ದವರು ಹದಿನಾರು ದಿನ ನಗುನಗುತ್ತ ಕೆಲಸ ಮಾಡಿದರು. ತಮ್ಮನ್ನು ಬಿಡಿಸಬೇಕಾಗಿದೆ ಎಂಬುದೇ ಅವರಿಗೆ ತಿಳಿಯದು. ತಿಳಿಯದವರನ್ನು ಬಿಡಿಸುವವರಾರು?

ಕಾದು ನಿಂತ ನೌಕೆ

‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ’ ಎಂಬ ನಮ್ಮ ಗಾದೆಯ ಅರ್ಥವನ್ನು ನಾಸಾ ಈ ದುರಂತದಿಂದ ಕಲಿಯಿತು. 2005ರ ಜುಲೈನಲ್ಲಿ ಷಟಲ್ಲುಗಳು ಮತ್ತೆ ಹಾರಲಾರಂಭಿಸಿದಾಗ, ನೌಕೆಯ ಯಂತ್ರಬಾಹುವಿಗೆ ಉದ್ದವಾದ ಕೋಲೊಂದನ್ನು ಜೋಡಿಸಿ ಅದರ ತುದಿಗೆ ಕ್ಯಾಮೆರಾಗಳನ್ನು ಕಟ್ಟಲಾಗಿತ್ತು. ಕಕ್ಷೆಯನ್ನು ಸೇರಿದೊಡನೆ ರೆಕ್ಕೆಗಳ ಅಂಚನ್ನೂ ಮೂತಿಯನ್ನೂ ಇಂಚಿಂಚಾಗಿ ನೋಡುವುದು ನಿಯಮವಾಯಿತು. ಹಾನಿ ಕಂಡುಬಂದರೆ ಯಾತ್ರಿಕರು ಅಂತರಿಕ್ಷ ನಿಲ್ದಾಣದಲ್ಲಿ ಉಳಿಯುವುದು, ಮತ್ತೊಂದು ಷಟಲ್ ಹೋಗಿ ಕರೆತರುವುದು ಎಂಬ ಏರ್ಪಾಡೂ ಆಯಿತು.

2009ರಲ್ಲಿ ಒಂದು ವಿಶೇಷ ಸನ್ನಿವೇಶ ಒದಗಿತು. ಹಬಲ್ ದೂರದರ್ಶಕವನ್ನು ಕೊನೆಯ ಬಾರಿ ದುರಸ್ತಿ ಮಾಡಲು ಅಟ್ಲಾಂಟಿಸ್ ಹೋಗಬೇಕಿತ್ತು. ಅಲ್ಲಿಂದ ನಿಲ್ದಾಣಕ್ಕೆ ದಾರಿಯಿಲ್ಲ. ಆದುದರಿಂದ ಮೇ 11ರಂದು ಅಟ್ಲಾಂಟಿಸ್ ಒಂದು ಕಟ್ಟೆಯಿಂದ ಮೇಲೇರಿದಾಗ, ಪಕ್ಕದ ಕಟ್ಟೆಯ ಮೇಲೆ ‘ಎಂಡೆವರ್’ ಸಿದ್ಧವಾಗಿ ನಿಂತಿತ್ತು. ನಾಲ್ವರು ಯಾತ್ರಿಕರು ಅದಕ್ಕೆಂದೇ ತರಬೇತು ಪಡೆದಿದ್ದರು. ಕರೆ ಬಂದರೆ ಒಂದು ವಾರದೊಳಗೆ ಹೊರಡಬೇಕು. ಕರೆ ಬರಲಿಲ್ಲ. ಮೇ 24ರಂದು ಅಟ್ಲಾಂಟಿಸ್ ಕ್ಷೇಮವಾಗಿ ಇಳಿಯಿತು. ಎಂಡೆವರ್ ಬೇರೆ ಕೆಲಸಕ್ಕೆ ಹೊರಟಿತು. ನಡೆಯದೆ ಹೋದುದರಲ್ಲಿಯೇ ಸಾರ್ಥಕತೆ ಕಂಡ ಯಾತ್ರೆಯಿದು.

ಷಟಲ್ಲುಗಳು 2011ರಲ್ಲಿ ವಿಶ್ರಾಂತಿ ಪಡೆದವು. ಆದರೆ ಆ ಪಾಠ ಮುಂದುವರಿಯಿತು. 2022ರ ಡಿಸೆಂಬರಿನಲ್ಲಿ ನಿಲ್ದಾಣಕ್ಕೆ ಕಟ್ಟಿದ್ದ ರಷ್ಯದ ‘ಸೊಯೂಜ್’ ನೌಕೆಯೊಂದರ ತಂಪುಕಾರಕ ದ್ರವ ಸೋರಿಹೋಯಿತು. 2023ರ ಫೆಬ್ರವರಿಯಲ್ಲಿ ಖಾಲಿ ಸೊಯೂಜೊಂದು ಮೇಲೇರಿತು. ಮೂವರು ಯಾತ್ರಿಕರು ಒಟ್ಟು 371 ದಿನಗಳ ವಾಸ ಮುಗಿಸಿ ಸೆಪ್ಟೆಂಬರಿನಲ್ಲಿ ಅದರಲ್ಲಿಯೇ ಇಳಿದರು. 2024ರ ಜೂನಿನಲ್ಲಿ ಭಾರತೀಯ ಮೂಲದ ಸುನಿತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಸುಮಾರು ಎಂಟು ದಿನಗಳ ಮಟ್ಟಿಗೆ ಹೋದವರು, ತಮ್ಮ ‘ಸ್ಟಾರ್‌ಲೈನರ್’ ನೌಕೆಯಲ್ಲಿ ದೋಷ ಕಂಡುಬಂದುದರಿಂದ 286 ದಿನ ಉಳಿಯಬೇಕಾಯಿತು. ಅವರಿಗೆಂದೇ ಎರಡು ಆಸನಗಳನ್ನು ತೆರವಾಗಿಟ್ಟು ಹೊರಟ ಇನ್ನೊಂದು ನೌಕೆ ಅವರನ್ನು 2025ರ ಮಾರ್ಚ್ 18ರಂದು ಭೂಮಿಗೆ ತಂದಿತು. ಸ್ಟಾರ್‌ಲೈನರ್ ಅದಕ್ಕೆ ಮೊದಲೇ ಬರಿದಾಗಿ ಬಂದು ಕ್ಷೇಮವಾಗಿಯೇ ಇಳಿದಿತ್ತು. ಹಾಗಾದರೆ ಅವರನ್ನು ಅದರಲ್ಲಿಯೇ ತರಬಹುದಾಗಿತ್ತಲ್ಲ ಎಂದವರುಂಟು. ಸಂಶಯವಿದ್ದಾಗ ಕಾಯುವುದು ಲೇಸೆಂಬ ತೀರ್ಮಾನದ ಹಿಂದೆ ಕೊಲಂಬಿಯದ ನೆನಪಿತ್ತೆಂಬುದನ್ನು ಅಂಥವರು ಮರೆಯಬಾರದು.

ಈ ಯಾವ ಪ್ರಸಂಗದಲ್ಲಿಯೂ ಕಥಾಚಿತ್ರದ ಅಬ್ಬರವಿಲ್ಲ. ಗಡಿಯಾರದ ಮುಳ್ಳಿನೊಡನೆ ಯಾರೂ ಓಡಲಿಲ್ಲ. ಖಾಲಿ ನೌಕೆ, ಖಾಲಿ ಆಸನ, ಕಾಯುವ ತಾಳ್ಮೆ—ಇಷ್ಟರಿಂದಲೇ ಕೆಲಸವಾಯಿತು. ಚಿತ್ರ ಮಾಡುವವರಿಗೆ ಇದರಲ್ಲಿ ರುಚಿಯಿರಲಾರದು. ಮನೆಯಲ್ಲಿ ದಾರಿ ನೋಡುತ್ತ ಕುಳಿತ ಹೆಂಡತಿ ಮಕ್ಕಳಿಗೆ, ತಂದೆತಾಯಿಗಳಿಗೆ ಇದಕ್ಕಿಂತ ರುಚಿಯಾದ ಕಥೆ ಇನ್ನೊಂದಿಲ್ಲ.

ದೂರದಲ್ಲಿರುವ ನಂಟರಿಗೆ ಬರೆಯುವ ಕಾಗದ ನಮ್ಮಲ್ಲಿ ಕ್ಷೇಮ ಸಮಾಚಾರದಿಂದಲೇ ಆರಂಭವಾಗುತ್ತದೆ. ಇತ್ತ ಕ್ಷೇಮವೆಂದು ತಿಳಿಸಿ ಅತ್ತಣ ಕ್ಷೇಮವನ್ನು ಕೇಳುವುದು ಹಿಂದಿನಿಂದ ಬಂದ ಪದ್ಧತಿ. ರೂಢಿಯ ಮಾತೆಂದು ಅದನ್ನು ಓದಿ ಮುಂದಕ್ಕೆ ಹೋಗುವವರೇ ಹೆಚ್ಚು. 2003ರ ಆ ಜನವರಿಯಲ್ಲಿ ಮೂರು ಬಾರಿ ಕೆಲವರು ಆ ಪ್ರಶ್ನೆಯನ್ನು ಮನಸ್ಸಿಟ್ಟು ಕೇಳಿದರು: ನೌಕೆ ಕ್ಷೇಮವೆ, ಒಮ್ಮೆ ನೋಡಬಾರದೆ? ಯಾರೂ ನೋಡಲಿಲ್ಲ, ಕ್ಷೇಮವೆಂದೇ ಉತ್ತರ ಹೋಯಿತು. ಅನಂತರ ಹಾರಿದ ಷಟಲ್ಲುಗಳು ಮೇಲೇರಿದ ಬಳಿಕ ಆ ಪ್ರಶ್ನೆಯನ್ನು ಮತ್ತೆ ಕೇಳಿದರು, ಕಣ್ಣಿಟ್ಟು ನೋಡಿದರು. ಕೊಲಂಬಿಯದ ಏಳು ಮಂದಿ ತಮ್ಮ ಹಿಂದೆ ಬರುವವರಿಗೆ ಬಿಟ್ಟುಹೋದ ನೆರವು ಅದು.